ಒಂದು ತಿಂಗಳಿಗೆ ಕೆರೆಮನೆ

ಬೊಂಬಾಯಿ, ಪರೇಲ್
೧೨ ಫೆಬ್ರವರಿ ೧೯೩೬

ಮ| ರಾ| ರಾ| ಬೋಜ ಮೇಸ್ತ್ರಿಯವರ ಸಮ್ಮುಖಕ್ಕೆ,

ತಮಗೆ ನನ್ನ ಪರಿಚಯವಿಲ್ಲ. ನಾನು ಇಲ್ಲಿಯ ಒಂದು ಹತ್ತಿ ಕಂಪೆನಿಯಲ್ಲಿ ಗುಮಾಸ್ತ, ಊರು ಮುಲ್ಕಿಯ ಕಡೆ. ನನ್ನ ಜೊತೆ ಕೆಲಸ ಮಾಡುವ ಯೂಸ್ಟೇಸ್ ಎಂಬವರು ಕ್ರಿಸ್ಮಸ್ಸಿಗೆ ಮಂಗಳೂರಿಗೆ ಹೋದಾಗ ನಾಲ್ಕು ದಿನ ಸಂಸಾರ ಸಮೇತ ತಮ್ಮ ಕೆರೆಮನೆಯಲ್ಲಿ ಉಳಿದಿದ್ದರಂತೆ. ಕುಲಶೇಖರದ ಗುಡ್ಡ ಇಳಿದರೆ ಮಂಜಲ್ಪಾದೆ ಕೆರೆ, ದಂಡೆಯಲ್ಲೇ ಮುರಕಲ್ಲಿನ ಸಣ್ಣ ಮನೆ, ಸುತ್ತ ಬೇರೆ ಮನೆ ಇಲ್ಲ, ರಜೆಗೆ ಬರುವವರಿಗೆ ಬಾಡಿಗೆಗೆ ಕೊಡುತ್ತಾರೆ ಎಂದು ಹೇಳಿ ಒಂದು ಫೋಟೋ ಕೂಡ ತೋರಿಸಿದರು.

ಬರುವ ಮೇ ತಿಂಗಳಿಡೀ ಆ ಮನೆ ನಮಗೆ ಬೇಕು. ನನ್ನ ಹೆಂಡತಿ, ಇಬ್ಬರು ಮಕ್ಕಳು ಮತ್ತು ವಯಸ್ಸಾದ ಅತ್ತೆ ಬರುತ್ತಾರೆ. ರಜೆ ಸಿಕ್ಕಿದರೆ ನಾನೂ ಬರುವೆನು. ಮುಂಗಡವಾಗಿ ಐದು ರೂಪಾಯಿ ಮನಿಯಾರ್ಡರ್ ಮಾಡಿದ್ದೇನೆ. ಪೂರಾ ಬಾಡಿಗೆ ಎಷ್ಟೆಂದು ತಿಳಿಸಬೇಕು.

ಕೆಲವು ವಿಷಯ ತಿಳಿಯಬೇಕಾಗಿದೆ. ಕೆರೆಗೆ ಇಳಿಯುವ ಮೆಟ್ಟಿಲುಗಳಲ್ಲಿ ಮೂರನೆಯದು ಈಗಲೂ ಅಲುಗಾಡುತ್ತದೆಯೇ? ಮಕ್ಕಳಿರುವುದರಿಂದ ಕೇಳಿದೆ. ಮಳೆ ಬಿದ್ದರೆ ಅಡಿಗೆಕೋಣೆಯ ಬಾಗಿಲು ಉಬ್ಬಿ ಮುಚ್ಚಲು ಬರುವುದಿಲ್ಲವಲ್ಲ, ಅದನ್ನು ಕೆತ್ತಿಸಿದ್ದೀರಾ? ಹಿಂದಿನ ಹಲಸಿನ ಮರದಲ್ಲಿ ಕಾಯಿ ಉಂಟೇ? ಬೆಳಿಗ್ಗೆ ನೈದಿಲೆ ಅರಳುವುದು ಈಗಲೂ ಮನೆಯ ಬದಿಯಲ್ಲೇ ಹೌದೇ?

ಬೇಗ ಉತ್ತರ ಬರಬೇಕಾಗಿ ವಿನಂತಿ.

ಇತಿ ತಮ್ಮ ವಿಶ್ವಾಸಿ,
ಲೋಕನಾಥ

---

ಮಂಗಳೂರು, ಜೆಪ್ಪು
೨೬ ಫೆಬ್ರವರಿ ೧೯೩೬

ಶ್ರೀ ಲೋಕನಾಥರಿಗೆ ಬೋಜನ ನಮಸ್ಕಾರ.

ಕಾಗದ ತಲುಪಿತು. ಹಂಚಿನ ಕಾರ್ಖಾನೆಯಲ್ಲಿ ಈಗ ಭಟ್ಟಿಯ ಕೆಲಸ ಜೋರು, ಆದ್ದರಿಂದ ಉತ್ತರ ತಡವಾಯಿತು. ಮೇ ತಿಂಗಳಿಗೆ ಮನೆ ಖಾಲಿ ಉಂಟು. ಬಾವಿ ನೀರು ಸಿಹಿ. ಜಟಕಾ ಗುಡ್ಡದ ತುದಿಯವರೆಗೆ ಮಾತ್ರ ಬರುತ್ತದೆ, ಆಮೇಲೆ ನಡೆಯಬೇಕು. ಮೂರನೆಯ ಮೆಟ್ಟಿಲು ಈಗಲೂ ಅಲುಗಾಡುತ್ತದೆ. ಅಡಿಗೆಕೋಣೆಯ ಬಾಗಿಲು ಕೆತ್ತಿಸಲಿಲ್ಲ. ಹಲಸಿನ ಮರದಲ್ಲಿ ಈ ವರ್ಷ ಬುಡದಿಂದಲೇ ಕಾಯಿ. ನೈದಿಲೆ ಮನೆಯ ಬದಿಯಲ್ಲೇ.

ತಮ್ಮ ಪ್ರಶ್ನೆಗಳಿಗೆಲ್ಲ ಉತ್ತರ ಆಯಿತಲ್ಲ? ಈಗ ನನ್ನದೊಂದು. ಯೂಸ್ಟೇಸ್ ಸಾಹೇಬರು ಇಲ್ಲಿದ್ದ ನಾಲ್ಕು ದಿನವೂ ಜಗಲಿಯಲ್ಲಿ ಕಾಲು ಚಾಚಿ ಗೊರಕೆ ಹೊಡೆದದ್ದೇ ಹೊಡೆದದ್ದು. ಅವರು ಮೆಟ್ಟಿಲು ಇಳಿದದ್ದನ್ನು ನಾನಂತೂ ಕಂಡಿಲ್ಲ. ಬಂದದ್ದು ಡಿಸೆಂಬರಿನಲ್ಲಿ. ಮಳೆಗೆ ಬಾಗಿಲು ಉಬ್ಬುತ್ತದೆ ಎಂದು ಅವರಿಗೆ ಯಾವ ದೇವರು ಬಂದು ಹೇಳಿದ?

ಆ ಮನೆಯಲ್ಲಿ ಮಳೆಗಾಲ ಕಳೆದವರು ಈ ಲೋಕದಲ್ಲಿ ನಾಲ್ಕೇ ಜನ. ನೋಣಯ್ಯ ಮಾವ ತೀರಿಹೋಗಿ ಇಪ್ಪತ್ತೆರಡು ವರ್ಷವಾಯಿತು. ದೇಯಿ ಮಾಮಿಗೆ ಅಕ್ಷರ ಬರುವುದಿಲ್ಲ. ಮೂರನೆಯವ ನಾನು, ನನಗೆ ನಾನೇ ಕಾಗದ ಬರೆದುಕೊಳ್ಳುವಷ್ಟು ತಲೆ ಕೆಟ್ಟಿಲ್ಲ. ಆದ್ದರಿಂದ ಲೋಕನಾಥರೇ, ತಾವು ಕಾಣದ ಮನೆಯ ಬಗ್ಗೆ ತಮ್ಮ ಹೆಸರಿನಲ್ಲಿ ಬರೆದವರು ಯಾರೋ, ಈ ಕಾಗದವನ್ನು ಅವರ ಕೈಗೆ ಕೊಡಿ.

ಹೇಮಾಕ್ಷಿ, ಎಂತ ನಾಟಕ ಇದು? ಮಾವನ ಮಗಳು ಬಾವನಿಗೆ ಗಂಡನ ಹೆಸರಿನಲ್ಲಿ ಕಾಗದ ಬರೆಯುವುದಾ? ನಿನ್ನ ಅಕ್ಷರ ಸ್ಲೇಟಿನ ಕಾಲದಿಂದ ನನಗೆ ಗೊತ್ತು, ಈಗಲೂ 'ಳ'ಕಾರದ ಹೊಟ್ಟೆ ಅಷ್ಟೇ ದೊಡ್ಡದು. ಇಷ್ಟು ವರ್ಷ ಎಲ್ಲಿದ್ದಿ, ಹೇಗಿದ್ದಿ ಎಂದು ಒಂದು ಸಾಲು ಇಲ್ಲ. ಈಗ ಬಾಡಿಗೆ ಎಷ್ಟು ಅಂತ ಕೇಳುತ್ತೀಯಲ್ಲ, ನಾಚಿಕೆ ಬೇಡವಾ?

ಮಾಮಿ ಇದ್ದಾರೆ ಎಂದು ಓದಿ ನನಗೆ ಆ ದಿನ ಕೆಲಸದಲ್ಲಿ ಕೈ ಓಡಲಿಲ್ಲ. ಬನ್ನಿ, ಎಲ್ಲರೂ ಬನ್ನಿ. ಎಷ್ಟು ತಿಂಗಳು ಬೇಕಾದರೂ ಇರಿ. ನಿಮ್ಮಿಂದ ಬಾಡಿಗೆ ತೆಗೆದುಕೊಂಡರೆ ನನ್ನ ಕೈ ಕೊಳೆತು ಹೋದೀತು. ಐದು ರೂಪಾಯಿ ವಾಪಸು ಕಳಿಸಿದ್ದೇನೆ.

ನಿನ್ನ ಬಾವ,
ಬೋಜ

---

ಬೊಂಬಾಯಿ
೧೦ ಮಾರ್ಚ್ ೧೯೩೬

ಬೋಜ ಬಾವನಿಗೆ ಹೇಮಾಕ್ಷಿಯ ನಮಸ್ಕಾರ.

ಸಿಕ್ಕಿಬಿದ್ದೆ, ಒಪ್ಪಿದೆ. ನಿಮ್ಮ ಕಾಗದ ಓದಿ ಇವರು ಹೊಟ್ಟೆ ಹಿಡಿದು ನಕ್ಕರು. ನನಗೂ ನಗು ಬಂತು, ಆಮೇಲೆ ಮನಿಯಾರ್ಡರ್ ವಾಪಸು ಬಂದದ್ದು ನೋಡಿ ನಗು ಹೋಯಿತು.

ನಡೆದದ್ದು ಹೇಳುತ್ತೇನೆ. ಯೂಸ್ಟೇಸ್ ಒಂದು ಆದಿತ್ಯವಾರ ಕಾಫಿಗೆ ಬಂದವರು ಕಿಸೆಯಿಂದ ಆ ಮನೆಯ ಫೋಟೋ ತೆಗೆದು ತೋರಿಸಿದರು. ಅಮ್ಮನಿಗೆ ಎಡಗಣ್ಣು ಪೂರ್ತಿ ಹೋಗಿದೆ, ಬಲಗಣ್ಣು ಮಸುಕು. ಮುಂದಿನ ವರ್ಷಕ್ಕೆ ಡಾಕ್ಟರರು ಭರವಸೆ ಕೊಡುವುದಿಲ್ಲ. ಆ ಬಲಗಣ್ಣಿನ ಹತ್ತಿರ ಫೋಟೋ ಹಿಡಿದು ನೋಡಿದಳು, ನೋಡಿದಳು. "ಇದು ನಮ್ಮ ಜಗಲಿ" ಅಂದಳು. ಬಾವ, ಇಪ್ಪತ್ತೆರಡು ವರ್ಷದಲ್ಲಿ ಅವಳ ಬಾಯಿಂದ ಆ ಮನೆಯ ಸುದ್ದಿ ನಾನು ಕೇಳಿದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ಕೇಳಿದಳು: "ಬಾಡಿಗೆಗೆ ಯಾರಿಗೆ ಬೇಕಾದರೂ ಕೊಡುತ್ತಾರಾ?" ಹೌದಂತೆ ಅಂದೆ. "ಹಾಗಾದರೆ ನನಗೂ ಕೊಡಬೇಕಲ್ಲ" ಅಂದಳು. ಹಪ್ಪಳ ಮಾರಿ ಕೂಡಿಟ್ಟ ದುಡ್ಡನ್ನು ಟ್ರಂಕಿನಿಂದ ತೆಗೆದು ನನ್ನ ಮುಂದಿಟ್ಟಳು. ಬೋಜನಿಗೆ ನಾವು ಅಂತ ಗೊತ್ತಾಗಬಾರದು, ಗೊತ್ತಾದರೆ ಅವನು ಹಣ ತೆಗೆದುಕೊಳ್ಳುವುದಿಲ್ಲ ಅಂದವಳೂ ಅವಳೇ. ನಿಮ್ಮನ್ನು ಸಾಕಿದವಳಲ್ಲವೇ, ನಿಮ್ಮ ಗುಣ ಗೊತ್ತು.

ಇಲ್ಲಿಯ ನೆರೆಕರೆಯವರಿಗೆ ನಮ್ಮ ಅಳಿಯಕಟ್ಟು ಹೇಳಿದರೆ ಕಣ್ಣು ಬಾಯಿ ಬಿಡುತ್ತಾರೆ. ಅಪ್ಪ ಕಟ್ಟಿದ ಮನೆ ಮಕ್ಕಳಿಗಲ್ಲ, ಹೆಂಡತಿಗೂ ಅಲ್ಲ, ಅಪ್ಪನ ಅಕ್ಕನ ಮಗನಿಗೆ! ಹಾಗೆ ನನಗೂ ಮುಲ್ಕಿಯಲ್ಲಿ ಅಮ್ಮನ ತವರಿನಲ್ಲಿ ಹಕ್ಕು ಉಂಟು. ನನಗೆ ಬೇಡದ ಹಕ್ಕು. ಅಪ್ಪ ಬರೆದಿಡುತ್ತೇನೆ, ಬರೆದಿಡುತ್ತೇನೆ ಅನ್ನುತ್ತಿದ್ದ. ಬರೆಯಲಿಲ್ಲ. ಅಪ್ಪನ ಉತ್ತರಕ್ರಿಯೆಯ ಬೊಜ್ಜದ ಊಟ ಮುಗಿದ ಮರುದಿನ ಮುದ್ದು ಅತ್ತೆ, ನಿಮ್ಮ ತಾಯಿ, ಗಾಡಿ ತರಿಸಿದರು. ನನಗೆ ಹನ್ನೆರಡು ವರ್ಷ. ಹಲಸಿನ ಹಣ್ಣು ಆರಿಸಿ ಇಟ್ಟಿದ್ದೆ, ಅದನ್ನು ಗಾಡಿಗೆ ಹಾಕಲು ಮರೆತೆ ಎಂದು ಮುಲ್ಕಿಯವರೆಗೆ ಅಳುತ್ತಲೇ ಹೋದೆ. ಅಮ್ಮ ಅಳಲಿಲ್ಲ. ಯಾರನ್ನೂ ಬೈಯಲಿಲ್ಲ. ಈವತ್ತಿಗೂ ಬೈಯುವುದಿಲ್ಲ, ಅದೇ ನನಗೆ ಕಷ್ಟ.

ದಮ್ಮಯ್ಯ ಬಾವ, ಬಾಡಿಗೆ ತೆಗೆದುಕೊಳ್ಳಿ. ಯೂಸ್ಟೇಸಿನ ಹತ್ತಿರ ತೆಗೆದುಕೊಂಡ ಹಾಗೆಯೇ. ಹಣ ಪುನಃ ಕಳಿಸಿದ್ದೇನೆ.

ಹೇಮಾಕ್ಷಿ

---

ಜೆಪ್ಪು
೨೪ ಮಾರ್ಚ್ ೧೯೩೬

ಹೇಮಾಕ್ಷಿ,

ಆಗುವುದಿಲ್ಲ ಅಂದರೆ ಆಗುವುದಿಲ್ಲ. ಹಣ ಈ ಸಲವೂ ಹಿಂದೆ ಬರುತ್ತದೆ. ಪೋಸ್ಟಿನವನು ನನ್ನ ಮುಖ ನೋಡಿ ನಗಲಿಕ್ಕೆ ಶುರುಮಾಡಿದ್ದಾನೆ.

ನೀನು ದೊಡ್ಡ ಪಟ್ಟಣದಲ್ಲಿ ಇರುವವಳು, ನಿನಗೆ ತಿಳಿಯುವುದಿಲ್ಲ. ನಾಳೆ ಕುಲಶೇಖರದ ಜನ ಎಂತ ಹೇಳುತ್ತಾರೆ? ನೋಣಯ್ಯನ ಹೆಂಡತಿಯಿಂದ ನೋಣಯ್ಯನ ಅಳಿಯ ಬಾಡಿಗೆ ವಸೂಲು ಮಾಡಿದ ಅನ್ನುತ್ತಾರೆ. ನಾನು ಆ ಮನೆಯನ್ನು ಕದ್ದದ್ದಲ್ಲ. ಅದು ಕಟ್ಟಳೆ. ನನಗೆ ಆಗ ಹತ್ತೊಂಬತ್ತು ವರ್ಷ, ಹಿರಿಯರು ಹೇಳಿದ ಹಾಗೆ ನಡೆದೆ. ಅಮ್ಮ ತೀರಿಕೊಂಡು ಮೂರು ವರ್ಷವಾಯಿತು, ಈಗ ಅವರನ್ನು ಯಾಕೆ ಎಳೆದು ತರುವುದು?

ಸಿಟ್ಟಿನಲ್ಲಿ ಬರೆದೆ. ಹರಿದು ಹಾಕೋಣ ಅಂದುಕೊಂಡೆ, ಆದರೆ ಇರಲಿ, ಸಿಟ್ಟು ಬಂದದ್ದು ನಿಜ.

ನಿನ್ನೆ ಮನೆಗೆ ಹೋಗಿ ಬಂದೆ. ನೀವು ಬರುತ್ತೀರಿ ಎಂದು ಸುಣ್ಣ ಹೊಡೆಸಿದ್ದೇನೆ. ನೆನಪುಂಟಾ, ಮಾವ ಕಾರ್ಖಾನೆಯಿಂದ ಭಟ್ಟಿಯಲ್ಲಿ ಸೊಟ್ಟಗಾದ ಹಂಚುಗಳನ್ನೇ ಆರಿಸಿ ತಲೆಹೊರೆಯಲ್ಲಿ ತರುತ್ತಿದ್ದರು? ಸಾವಿರಾರು ಮನೆಗೆ ನೇರ ಹಂಚು ಮಾಡಿಕೊಟ್ಟ ಮೇಸ್ತ್ರಿಯ ಮನೆಗೆ ಒಂದಾದರೂ ನೇರ ಹಂಚು ಇಲ್ಲ. "ಸೊಟ್ಟ ಹಂಚನ್ನೂ ಯಾರಾದರೂ ಸಾಕಬೇಕಲ್ಲ ಮಾರಾಯ" ಅನ್ನುತ್ತಿದ್ದರು. ನನಗೆ ಈಜು ಕಲಿಸಿದ್ದು ಆ ಕೆರೆಯಲ್ಲಿ. ಸೊಂಟಕ್ಕೆ ಎರಡು ಒಣ ತೆಂಗಿನಕಾಯಿ ಕಟ್ಟಿ ದೂಡಿಬಿಟ್ಟರು. ನಾನು ಬೊಬ್ಬೆ ಹೊಡೆಯುವುದು, ನೀನು ಮೆಟ್ಟಿಲ ಮೇಲೆ ಕುಣಿಯುವುದು, ಮಾಮಿ ಅಡಿಗೆಕೋಣೆಯಿಂದ ಸೌಟು ಹಿಡಿದು ಓಡಿಬಂದು ಮಾವನಿಗೆ ಬೈಯುವುದು. ಆಮೇಲೆ ಬಿಸಿ ಗಂಜಿ, ಉಪ್ಪಿನಲ್ಲಿ ಹಾಕಿದ ಮಾವಿನಕಾಯಿ, ಸುಟ್ಟ ಒಣಮೀನು. ಎಂಟು ವರ್ಷದವನಾಗಿದ್ದಾಗಿನಿಂದ ಹನ್ನೊಂದು ವರ್ಷ ಆ ಕೈಯ ಅನ್ನ ಉಂಡಿದ್ದೇನೆ. ಆ ಕೈಯಿಂದಲೇ ಬಾಡಿಗೆ ತೆಗೆದುಕೊಳ್ಳಬೇಕು ಅನ್ನುತ್ತೀಯಲ್ಲ, ನೀನೇ ಯೋಚನೆ ಮಾಡು.

ಮಾಮಿಗೆ ಹೇಳು, ನೆಂಟರಾಗಿ ಬರಲಿ, ರಾಣಿಯ ಹಾಗೆ ನೋಡಿಕೊಳ್ಳುತ್ತೇನೆ. ಗುಲಾಬಿ, ನನ್ನ ಹೆಂಡತಿ, ಈಗಿನಿಂದಲೇ ಅಕ್ಕಿ ಕುಟ್ಟಿಸುತ್ತಿದ್ದಾಳೆ.

ಬೋಜ

---

ಬೊಂಬಾಯಿ
೮ ಏಪ್ರಿಲ್ ೧೯೩೬

ಬಾವ,

ನಿಮ್ಮ ಕಾಗದ ಅಮ್ಮನಿಗೆ ಓದಿ ಹೇಳಿದೆ. ಈಜು ಕಲಿಸಿದ ಕಡೆ ನಕ್ಕಳು. ಕೊನೆಯವರೆಗೆ ಕೇಳಿದಳು. ಎದ್ದು ಹೋಗಿ, ಊರಿಗೆ ಹೋಗಲೆಂದು ಟ್ರಂಕಿನಲ್ಲಿ ಮಡಚಿಟ್ಟಿದ್ದ ಎರಡು ಸೀರೆ ತೆಗೆದು ಹಗ್ಗದ ಮೇಲೆ ಹಾಕಿದಳು.

ನಾವು ಬರುವುದಿಲ್ಲ.

ನಿಮಗೆ ಕೋಪ ಬರಬಹುದು. ನನಗೂ ಅವಳ ಮೇಲೆ ಕೋಪ ಬಂದು ಕೇಳಿದೆ, ಬೋಜ ಬಾವ ಅಷ್ಟು ಪ್ರೀತಿಯಿಂದ ಕರೆಯುವಾಗ ನಿನ್ನದೆಂತ ಹಟ ಎಂದು. ಆಗ ಹೇಳಿದಳು: "ಹದಿನೇಳು ವರ್ಷ ಅಲ್ಲಿ ನೆಂಟಳ ಹಾಗೆಯೇ ಇದ್ದೆ. ಆಗ ಹಾಗೆ ಅನಿಸಿರಲಿಲ್ಲ, ಅಷ್ಟೆ. ಅನಿಸಿದ ಮೇಲೆ ಪುನಃ ನೆಂಟಳಾಗಿ ಹೋಗಲಾ? ಬಾಡಿಗೆ ಕೊಟ್ಟವಳು ಒಂದು ತಿಂಗಳಾದರೂ ಒಳಗಿನಿಂದ ಚಿಲಕ ಹಾಕಬಹುದು. ಯಾರೂ ಏಳು ಅನ್ನಲಿಕ್ಕಿಲ್ಲ."

ಆ ಮನೆಯನ್ನು ಕಣ್ಣಿರುವಾಗ ಒಮ್ಮೆ ನೋಡಬೇಕು ಅಂತ ಅವಳಿಗೆ ಎಷ್ಟು ಆಸೆ ಇತ್ತು ಎಂದು ನನಗೆ ಗೊತ್ತು. ಮೇ ಕೊನೆಗೆ ಸಮುದ್ರದಲ್ಲಿ ಆಗಬೋಟು ಓಡುವುದು ನಿಲ್ಲುತ್ತದೆ. ಆಮೇಲೆ ಮಳೆಗಾಲ, ಆಮೇಲೆ ಆ ಕಣ್ಣು ಏನಾಗುತ್ತದೋ. ನಿಮ್ಮ ಪ್ರೀತಿಯೇ ಅವಳ ದಾರಿಗೆ ಅಡ್ಡ ನಿಂತಿತು ಬಾವ. ಬೇರೆ ಯಾರೇ ಒಡೆಯನಾಗಿದ್ದರೂ ಅವಳು ಹೋಗಿ ಬರುತ್ತಿದ್ದಳು.

ಹೇಮಾಕ್ಷಿ

---

ಜೆಪ್ಪು
೧೫ ಏಪ್ರಿಲ್ ೧೯೩೬

ದೇಯಿ ಮಾಮಿಯ ಪಾದಗಳಿಗೆ ಬೋಜ ಮಾಡುವ ನಮಸ್ಕಾರ.

ಹೇಮಾಕ್ಷಿ, ಇದನ್ನು ಮಾಮಿಗೆ ಓದಿ ಹೇಳು. ನಡುವೆ ನಿನ್ನ ಮಾತು ಸೇರಿಸಬೇಡ.

ಮಾಮಿ, ನೋಣಯ್ಯ ಮಾವನ ಬೊಜ್ಜದ ಮರುದಿನದ್ದು ನಾನು ಯಾರಿಗೂ ಹೇಳಿದವನಲ್ಲ, ಗುಲಾಬಿಗೂ ಹೇಳಲಿಲ್ಲ. ಗಾಡಿ ಗುಡ್ಡದ ಮೇಲೆ ಬಂದು ನಿಂತಿತ್ತು. ಅಮ್ಮ ನನ್ನ ಹತ್ತಿರ, "ಹೋಗು, ಬೀಗದ ಕೈ ತೆಗೆದುಕೊಂಡು ಬಾ" ಅಂದರು. ಬಂದೆ. ನೀವು ಜಗಲಿಯಲ್ಲಿ ನಿಂತಿದ್ದಿರಿ. ನಾನು ತಲೆ ತಗ್ಗಿಸಿ ಕೈ ಚಾಚಿದೆ. ನೀವು ಸೆರಗಿನಿಂದ ಬಿಚ್ಚಿ ನನ್ನ ಅಂಗೈಯಲ್ಲಿ ಇಟ್ಟು, "ಬೋಜ, ಊಟ ಆಯಿತಾ?" ಎಂದು ಕೇಳಿದಿರಿ. ನಾನು ಉತ್ತರ ಕೊಡಲಿಲ್ಲ. ನಿಮ್ಮ ಮುಖ ನೋಡಲಿಲ್ಲ. ನಿಮ್ಮ ಕಾಲಿನ ಬೆರಳು ಮಾತ್ರ ಕಂಡಿದ್ದೇನೆ.

ಕಟ್ಟಳೆ, ಕಟ್ಟಳೆ ಎಂದು ಹೇಮಾಕ್ಷಿಗೆ ಬರೆದೆ. ಕೈ ಚಾಚಲು ಹೇಳಿದ್ದು ಕಟ್ಟಳೆ ಇರಬಹುದು. ತಲೆ ಎತ್ತಬೇಡ ಅಂತ ಯಾವ ಕಟ್ಟಳೆಯೂ ಹೇಳಿರಲಿಲ್ಲ. ಆ ಮನೆಯಲ್ಲಿ ನಾನು ಈವರೆಗೆ ಒಂದು ದಿನ ಮಲಗಿಲ್ಲ ಮಾಮಿ. ಮದುವೆಯಾದ ಮೇಲೂ ಇಲ್ಲ. ಸ್ವಂತ ಮನೆ ಇದ್ದವನು ಇಲ್ಲಿ ಜೆಪ್ಪುವಿನಲ್ಲಿ ಎರಡು ಕೋಣೆಗೆ ಬಾಡಿಗೆ ಕೊಟ್ಟುಕೊಂಡು ಇದ್ದೇನೆ ಎಂದರೆ ಜನ ಹುಚ್ಚ ಅನ್ನುತ್ತಾರೆ. ಗೆದ್ದಲು ಹಿಡಿಯದಿರಲಿ ಎಂದು ಎರಡು ವರ್ಷದಿಂದ ಪರವೂರಿನಿಂದ ಬಂದವರಿಗೆ ಕೊಡುತ್ತೇನೆ. ಅವರ ಹಣ ತೆಗೆದುಕೊಳ್ಳಲು ನನಗೆ ಅಡ್ಡಿಯಿಲ್ಲ. ನಿಮ್ಮ ಹಣ ಮುಟ್ಟಲು ಭಯವಾಯಿತು. ಮುಟ್ಟದಿದ್ದರೆ ನಾನು ಒಳ್ಳೆಯವನಾಗಿ ಉಳಿಯುತ್ತೇನೆ ಎಂದು ಯೋಚಿಸಿದೆ, ನಿಮಗೆ ಎಂತ ಬೇಕು ಎಂದು ಯೋಚಿಸಲಿಲ್ಲ.

ಇನ್ನು ವ್ಯವಹಾರದ ಮಾತು.

ಮಂಜಲ್ಪಾದೆ ಕೆರೆಯ ಮನೆಯನ್ನು ಮೇ ಒಂದರಿಂದ ಮೂವತ್ತರವರೆಗೆ ದೇಯಿ ಎಂಬವರಿಗೆ ಬಾಡಿಗೆಗೆ ಕೊಡಲು ಒಪ್ಪಿದ್ದೇನೆ. ಬೀಗದ ಕೈಯನ್ನು ಬಂದರದಲ್ಲೇ ಅವರ ಕೈಗೆ ಕೊಡತಕ್ಕದ್ದು. ಆ ಮೂವತ್ತು ದಿನ ಒಡೆಯನು ಅವರ ಅಪ್ಪಣೆಯಿಲ್ಲದೆ ಬೇಲಿಯ ತಡಮೆ ದಾಟಿ ಒಳಗೆ ಬರಬಾರದು. ಹಲಸಿನ ಕಾಯಿ ಬಾಡಿಗೆದಾರರದ್ದು. ಮೇ ತಿಂಗಳು ಸೀಸನ್ ಆದ್ದರಿಂದ ಬಾಡಿಗೆ ಹದಿನೈದು ರೂಪಾಯಿ. ಒಂದು ಪೈಸೆ ಕಮ್ಮಿ ಇಲ್ಲ. ಛಾಪಾ ಕಾಗದದಲ್ಲಿ ಬರೆದು ರುಜು ಹಾಕಿ ಜೊತೆಗೆ ಇಟ್ಟಿದ್ದೇನೆ.

ಬೋಜ ಮೇಸ್ತ್ರಿ

---

ಬೊಂಬಾಯಿ
೨೨ ಏಪ್ರಿಲ್ ೧೯೩೬

ಬೋಜನಿಗೆ ದೇಯಿ ಮಾಮಿಯ ಆಶೀರ್ವಾದ. ಹೇಮಾಕ್ಷಿಯ ಕೈಯಲ್ಲಿ ಬರೆಸಿದ್ದು.

ಹದಿನೈದು ರೂಪಾಯಿ ಜಾಸ್ತಿ. ಯಾವ ಬಾಯಲ್ಲಿ ಕೇಳಿದಿ? ಸೊಟ್ಟ ಹಂಚಿನ ಮನೆ, ಮೂರನೇ ಮೆಟ್ಟಿಲು ಅಲುಗಾಡುತ್ತದೆ ಎಂದು ನೀನೇ ಬರೆದಿದ್ದೀ, ಬಾಗಿಲು ಮುಚ್ಚುವುದಿಲ್ಲ. ಆ ಯೂಸ್ಟೇಸ್ ಪಾಪದವನು, ಕೇಳಿದ್ದು ಕೊಟ್ಟ. ನಾನು ಕೊಡುವವಳಲ್ಲ. ಹತ್ತು.

(ಬಾವ, ನಾನು ಹನ್ನೆರಡು ಅನ್ನು ಅಂದೆ. "ನೀನು ಬರೆಯುವವಳು, ಬರೆ" ಅಂದಳು. ಹೇಮಾಕ್ಷಿ.)

ಹಾಸಿಗೆ ನಾವೇ ತರುತ್ತೇವೆ. ಒಲೆಗೆ ಒಣ ಸೌದೆ ತುಂಬಿಸಿ ಇಡಬೇಕು, ಅದು ಒಡೆಯನ ಕೆಲಸ. ಗುಲಾಬಿಗೆ ಹೇಳು, ಅಕ್ಕಿ ಕುಟ್ಟಿಸುವುದು ಬೇಡ, ನಾನು ಬಂದು ಕೊಂಡುಕೊಳ್ಳುತ್ತೇನೆ. ಆದರೂ ಕುಟ್ಟಿಸಿದ್ದರೆ ವ್ಯರ್ಥ ಮಾಡಬಾರದು.

ಉಳಿದ ವಿಷಯ ಬರೆದಿದ್ದೀಯಲ್ಲ, ಅದಕ್ಕೆ ಕಾಗದದಲ್ಲಿ ಉತ್ತರ ಕೊಡುವುದಿಲ್ಲ. ಸೀರೆ ಪುನಃ ಟ್ರಂಕಿನೊಳಗೆ ಹೋಗಿದೆ.

ದೇಯಿ (ಹೆಬ್ಬೆಟ್ಟು)

---

ಮಂಜಲ್ಪಾದೆ ಕೆರೆ
೨೦ ಮೇ ೧೯೩೬

ಯಜಮಾನರಿಗೆ ನಮಸ್ಕಾರ.

ನಿಮಗೆ ರಜೆ ಸಿಗದೆ ಹೋದದ್ದು ನಿಮ್ಮ ದುರದೃಷ್ಟ. ಮಕ್ಕಳಿಬ್ಬರೂ ಕರಿಕೊಡದ ಹಾಗೆ ಕಪ್ಪಾಗಿದ್ದಾರೆ, ಬೊಂಬಾಯಿಯ ಹೆಸರೆತ್ತಿದರೆ ಕೆರೆಗೆ ಓಡುತ್ತಾರೆ. ಈಗಾಗಲೇ ಒಂದು ಹಲಸಿನ ಹಣ್ಣಿಗೆ ಎರಡು ಅಂಗಿ ಹಾಳು. ನಿಮ್ಮ ಮಗಳು ವಾರಿಜ ನಿನ್ನೆ ನೀರಿನಲ್ಲಿ ಕೈಬಿಟ್ಟು ಈಜಿದಳು. ಹೌದು, ತೆಂಗಿನಕಾಯಿ ಕಟ್ಟಿಯೇ.

ಮೊದಲಿನಿಂದ ಹೇಳುತ್ತೇನೆ. ಬಂದರದಲ್ಲಿ ದೋಣಿಯಿಂದ ಇಳಿದಾಗ ಬೋಜ ಬಾವ ಕೊಡೆ ಹಿಡಿದು ನಿಂತಿದ್ದರು. ತಲೆ ನರೆತು, ಹೊಟ್ಟೆ ಬಂದು, ನನಗೆ ಗುರುತೇ ಸಿಗಲಿಲ್ಲ. ಕಾಲಿಗೆ ಬೀಳಲು ಬಗ್ಗಿದರು. ಅಮ್ಮ, "ಮೊದಲು ಹಣ ಎಣಿಸು" ಅಂದಳು. ಅಷ್ಟು ಜನರ ಎದುರಿಗೆ ಅವಳು ಒಂದೊಂದೇ ರೂಪಾಯಿ ಅವರ ಕೈಗೆ ಹಾಕಿದಳು, ಹನ್ನೆರಡಕ್ಕೆ ಒಪ್ಪಂದವಾಗಿತ್ತು. ಬಾವ ಗಟ್ಟಿಯಾಗಿ ಎಣಿಸಿ, ಸರಿಯಾಗಿದೆ ಎಂದು ಹೇಳಿ, ರಶೀದಿ ಬರೆದುಕೊಟ್ಟು, ಬೀಗದ ಕೈ ಕೊಟ್ಟರು. ಅಮ್ಮ ಅದನ್ನು ಸೆರಗಿಗೆ ಕಟ್ಟಿದಳು. ಅಲ್ಲಿಂದ ಅವಳ ನಡಿಗೆಯೇ ಬೇರೆ.

ಗುಡ್ಡ ಇಳಿಯುವಾಗ ನನ್ನ ಕೈ ಹಿಡಿಯಲಿಲ್ಲ. ಮನೆಯ ಮುಂದೆ ನಿಂತು ಕಣ್ಣು ಕಿರಿದು ಮಾಡಿ ನೋಡಿ, "ಇಷ್ಟು ಸಣ್ಣದಿತ್ತಾ?" ಅಂದಳು. ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ನಾನೂ ಮಕ್ಕಳೂ ಟ್ರಂಕು ಹಾಸಿಗೆ ಎಲ್ಲ ಇಟ್ಟುಕೊಂಡು ಒಂದು ಗಂಟೆ ಜಗಲಿಯಲ್ಲಿ ಕುಳಿತೆವು. ಒಳಗೆ ಅವಳು ಗೋಡೆ ಮುಟ್ಟಿಕೊಂಡು ನಡೆಯುವ ಸದ್ದು ಕೇಳುತ್ತಿತ್ತು. ಹೊರಗೆ ಬಂದಾಗ ಮುಖ ತೊಳೆದಿದ್ದಳು. "ಒಲೆ ಚೆನ್ನಾಗಿ ಇಟ್ಟಿದ್ದಾನೆ" ಎಂದಷ್ಟೇ ಹೇಳಿದಳು.

ಬಾವ ಪ್ರತಿದಿನ ಸಂಜೆ ಕೆಲಸ ಬಿಟ್ಟು ಜೆಪ್ಪುವಿನಿಂದ ನಡೆದು ಬರುತ್ತಿದ್ದರು. ತಡಮೆಯ ಆಚೆಯೇ ನಿಲ್ಲುವುದು. ಒಂದು ದಿನ ಮೀನು, ಒಂದು ದಿನ ಮಕ್ಕಳಿಗೆ ಬೆಲ್ಲದ ಮಿಠಾಯಿ, ತಡಮೆಯ ಮೇಲಿಟ್ಟು, "ಮಾಮಿ, ಸೌಖ್ಯ ಉಂಟಲ್ಲ?" ಎಂದು ಕೂಗುವುದು. ಅಮ್ಮ ಜಗಲಿಯಿಂದ, "ಉಂಟು" ಅನ್ನುವುದು. ಅಷ್ಟೇ. ಒಳಗೆ ಬನ್ನಿ ಎಂದು ನಾನು ಕರೆದೆ. "ನೀನು ಕರೆದರೆ ಆಗುವುದಿಲ್ಲ ಮಾರಾಯ್ತಿ, ಕಾಗದ ಮಾಮಿಯ ಹೆಸರಿನಲ್ಲಿ ಉಂಟು" ಅಂದರು. ಹದಿನಾರು ದಿನ ಹೀಗೆಯೇ. ನನಗೆ ಇಬ್ಬರ ಮೇಲೂ ಸಿಟ್ಟು ಬಂದು ತಲೆ ಚಚ್ಚಿಕೊಳ್ಳುವ ಹಾಗಾಯಿತು.

ಮೊನ್ನೆ ಮಧ್ಯಾಹ್ನ ಗಾಳಿ ಮಳೆ ಬಂತು. ಅಡಿಗೆಕೋಣೆಯ ಮೇಲೆ ಎರಡು ಹಂಚು ಹಾರಿ ಒಲೆಗೆ ನೀರು ಸುರಿಯಿತು. ಅಮ್ಮ ಸೊಂಟಕ್ಕೆ ಸೆರಗು ಕಟ್ಟಿ, "ಒಡೆಯನಿಗೆ ಹೇಳಿ ಕಳಿಸು, ಬಾಡಿಗೆ ಕೊಟ್ಟದ್ದು ನೆನೆಯಲಿಕ್ಕಲ್ಲ" ಅಂದಳು. ಬಾವ ಕೆಲಸದ ಬಟ್ಟೆಯಲ್ಲೇ ಓಡಿಬಂದರು. ತಡಮೆಯ ಹತ್ತಿರ ನಿಂತು ಅಮ್ಮನನ್ನೇ ನೋಡಿದರು. "ಅಲ್ಲೇ ನಿಂತು ಹಂಚು ಹಾಕುತ್ತೀಯಾ? ಬಾ" ಅಂದಳು ಅಮ್ಮ.

ಆ ವಯಸ್ಸಿನಲ್ಲಿ ಮನೆಯ ಮಾಡಿಗೆ ಹತ್ತಿದರು. ಕಣ್ಣು ಸರಿಯಾಗಿ ಕಾಣದ ಅಮ್ಮ ಕೆಳಗಿನಿಂದ ಆ ಕಡೆ ಸರಿಸು, ಈ ಕಡೆ ಸರಿಸು ಎಂದು ಹುಕುಂ ಮಾಡುವುದು, ಬಾವ ಹೂಂ ಹೂಂ ಅನ್ನುವುದು. ಇಳಿದಾಗ ಮೈಯೆಲ್ಲ ಮಸಿ ಮತ್ತು ಕೆಸರು. ಹೊರಡಲು ತಿರುಗಿದರು. ಅಮ್ಮ, "ಕೈಕಾಲು ತೊಳೆದು ಬಾ" ಅಂದಳು.

ಅಡಿಗೆಕೋಣೆಯಲ್ಲಿ ಅವರು ಬಾಗಿಲ ಬದಿ ಕುಳಿತರು. ಹುಡುಗನಾಗಿದ್ದಾಗ ಅದೇ ಜಾಗ. ಅಮ್ಮ ಬಟ್ಟಲಿಗೆ ಗಂಜಿ ಹಾಕಿ, ಅದನ್ನು ಕೆಳಗಿಡದೆ ಕೈಯಲ್ಲೇ ಹಿಡಿದುಕೊಂಡು ಕೇಳಿದಳು:

"ಆ ದಿನ ನಾನು ಕೇಳಿದ್ದಕ್ಕೆ ನೀನು ಉತ್ತರ ಕೊಡಲಿಲ್ಲ. ಊಟ ಆಗಿತ್ತಾ, ಇಲ್ಲವಾ?"

ಬಾವ ತಲೆ ಎತ್ತಿ ಅಮ್ಮನ ಮುಖ ನೋಡಿದರು. "ಆಗಿರಲಿಲ್ಲ ಮಾಮಿ" ಅಂದರು.

"ಎರಡು ದಿನ ನನಗೆ ಮುಲ್ಕಿಯಲ್ಲಿ ಅನ್ನ ಇಳಿಯಲಿಲ್ಲ. ಈ ಹುಡುಗ ಉಂಡನೋ ಇಲ್ಲವೋ ಅಂತ. ಮನೆ ಹೋದದ್ದಕ್ಕಲ್ಲ. ಮನೆ ಹೋಗುತ್ತದೆ ಎಂದು ಮದುವೆಯ ದಿನವೇ ಗೊತ್ತಿತ್ತು ನನಗೆ. ನೀನು ಒಂದು ಮಾತು ಹೇಳಲಿಲ್ಲವಲ್ಲ, ಆಗ ಅನಿಸಿತು, ಹನ್ನೊಂದು ವರ್ಷ ನಾನು ಬಡಿಸಿದ್ದು ಒಡೆಯನಿಗೆ, ಮಗನಿಗಲ್ಲ ಅಂತ."

ನಲವತ್ತು ದಾಟಿದ ಗಂಡಸು, ನೂರು ಜನರನ್ನು ದುಡಿಸುವ ಮೇಸ್ತ್ರಿ, ಮಗುವಿನ ಹಾಗೆ ಅತ್ತರು. ನಾನೂ ಅತ್ತೆ. ಅಮ್ಮ ಬಟ್ಟಲು ಅವರ ಮುಂದಿಟ್ಟು, "ಉಣ್ಣು, ತಣಿಯುತ್ತದೆ" ಅಂದಳು. ಮೂರು ಸಲ ಹಾಕಿಸಿಕೊಂಡು ಉಂಡರು.

ಈಗ ತಡಮೆಯ ಹತ್ತಿರ ನಿಲ್ಲುವುದಿಲ್ಲ. ನಿನ್ನೆ ಸೀದಾ ಒಳಗೆ ಬಂದರು, ಗುಲಾಬಿಯೂ ಬಂದಳು. ಮೂವತ್ತಕ್ಕೆ ಹೊರಡುತ್ತೇವೆ. ಆಗಬೋಟಿನ ಟಿಕೇಟು ಆಗಿದೆ.

ಹೇಮಾಕ್ಷಿ

---

ಬೊಂಬಾಯಿ
೧೮ ಜೂನ್ ೧೯೩೬

ಬೋಜನಿಗೆ ದೇಯಿ ಮಾಮಿಯ ಆಶೀರ್ವಾದ.

ನಾವು ಸುಖವಾಗಿ ತಲುಪಿದೆವು. ಸಮುದ್ರ ಎದ್ದು ಹೇಮಾಕ್ಷಿಗೆ ವಾಂತಿ, ಮಕ್ಕಳಿಗೆ ಏನೂ ಆಗಲಿಲ್ಲ. ಇಲ್ಲಿ ಮಳೆ ಹಿಡಿದಿದೆ. ನನ್ನ ಬಲಗಣ್ಣಿಗೆ ಈಗ ಬೆಳಕು ಇದೆಯೋ ಇಲ್ಲವೋ ಎನ್ನುವುದು ಮಾತ್ರ ತಿಳಿಯುತ್ತದೆ. ಅಯ್ಯೋ ಪಾಪ ಎಂದು ಬರೆಯಬೇಡ. ನೋಡಬೇಕಾದದ್ದು ನೋಡಿ ಬಂದಿದ್ದೇನೆ.

ಬಂದ ಮೇಲೆ ಯೋಚನೆ ಮಾಡಿದೆ. ಆ ಮನೆ ನನ್ನ ಮನಸ್ಸಿನಲ್ಲಿ ದೊಡ್ಡದಾಗಿತ್ತು. ಹೋಗಿ ನೋಡಿದರೆ ಬಾಗಿಲಿಗೆ ನನ್ನ ತಲೆ ತಾಗಿತು. ಜಗಲಿಯಲ್ಲಿ ನಾಲ್ಕು ಜನ ಕುಳಿತರೆ ಐದನೆಯವ ಅಂಗಳಕ್ಕೆ. ಇಷ್ಟು ಸಣ್ಣ ಮನೆಗೆ ನಾನು ಇಪ್ಪತ್ತೆರಡು ವರ್ಷ ಒಳಗೊಳಗೇ ಕೊರಗಿದೆನಾ ಎಂದು ನಗು ಬಂತು. ಆದರೆ ಕೆರೆ ಸಣ್ಣದಾಗಲಿಲ್ಲ, ಅದು ಇದ್ದ ಹಾಗೆಯೇ ಉಂಟು.

(ಇಲ್ಲಿಗೆ ನಾನು ಲೇಖನಿ ಕೆಳಗಿಟ್ಟೆ. ಬರೆಯುವುದು ಆಯಿತಾ ಅಂದೆ. "ಇನ್ನೂ ಶುರುವೇ ಆಗಲಿಲ್ಲ" ಅಂದಳು.)

ನೀನು ಅಲ್ಲಿ ವಾಸವಿಲ್ಲ ಎಂದು ಬರೆದದ್ದು ನನಗೆ ಸರಿ ಕಾಣಲಿಲ್ಲ. ಗುಲಾಬಿ ಒಂದು ದಿನ ಬಾವಿಯ ಹತ್ತಿರ ನನ್ನ ಕೂಡೆ ಹೇಳಿದಳು, ಈ ಮನೆಯಲ್ಲಿ ಇರಬೇಕೆಂದು ಅವಳಿಗೆ ಆಸೆ, ಕೇಳಿದರೆ ನೀನು ಎದ್ದು ಹೋಗುತ್ತೀ ಎಂದು. ನೀನು ನನಗೋಸ್ಕರ ಅದನ್ನು ಖಾಲಿ ಇಟ್ಟದ್ದಾ? ಯಾರು ಕೇಳಿದರು? ಒಲೆ ಉರಿಯದ ಮನೆಯಿಂದ ನನಗೆ ಎಂತ ಲಾಭ?

ಕೇಳು ಬೋಜ. ನಿನ್ನ ಮಾವ ಬರೆದಿಡಲಿಲ್ಲ. ಊರಿನ ಕಟ್ಟಳೆ ಅದನ್ನು ನನ್ನ ಕೈಯಿಂದ ತೆಗೆದು ನಿನಗೆ ಹಾಕಿತು. ನೀನು ಚಾಚಿದ ಕೈಗೆ ನಾನು ಬೀಗದ ಕೈ ಹಾಕಿದ್ದು ಹೌದು, ಕೊಟ್ಟದ್ದಲ್ಲ. ಈಗ ಕೊಡುತ್ತಿದ್ದೇನೆ. ನನ್ನ ಮನಸ್ಸಿನಿಂದ, ನನ್ನ ಬಾಯಿಂದ, ನನ್ನ ಮಗಳ ಕೈಯಲ್ಲಿ ಬರೆಸಿ ಕೊಡುತ್ತಿದ್ದೇನೆ. ತೆಗೆದುಕೋ. ಗುಲಾಬಿಯನ್ನು ಕರೆದುಕೊಂಡು ಹೋಗಿ ಹಾಲು ಉಕ್ಕಿಸು. ಆಟಿ ತಿಂಗಳು ಬಂದರೆ ಶುಭಕಾರ್ಯ ಇಲ್ಲ, ಅದಕ್ಕೆ ಮೊದಲೇ ಮಾಡು, ತಡಮಾಡಬೇಡ.

ದೇಯಿ (ಹೆಬ್ಬೆಟ್ಟು)

---

ಮಂಜಲ್ಪಾದೆ ಕೆರೆ
೧೨ ಜುಲೈ ೧೯೩೬

ದೇಯಿ ಮಾಮಿಗೆ ಬೋಜ ಮತ್ತು ಗುಲಾಬಿಯ ಅಡ್ಡಬೀಳುವ ನಮಸ್ಕಾರ.

ಮೇಲೆ ಬರೆದ ಊರಿನ ಹೆಸರು ಹೇಮಾಕ್ಷಿ ನಿಮಗೆ ಓದಿ ಹೇಳಲಿ. ಕಳೆದ ಸೋಮವಾರ ಹಾಲು ಉಕ್ಕಿಸಿದೆವು. ಗುಲಾಬಿ ಅಡಿಗೆಕೋಣೆಯ ಬಾಗಿಲಿನ ಜೊತೆ ದಿನಾ ಜಗಳ ಮಾಡುತ್ತಾಳೆ. ಮಳೆಗೆ ಕೆರೆ ತುಂಬಿ ಮೆಟ್ಟಿಲು ಒಂದೂ ಕಾಣುವುದಿಲ್ಲ. ಕಪ್ಪೆಗಳ ಗಲಾಟೆಗೆ ಮೊದಲ ದಿನ ನಿದ್ದೆ ಬರಲಿಲ್ಲ, ಈಗ ಬರುತ್ತದೆ.

ನಿನ್ನೆ ಯೂಸ್ಟೇಸ್ ಸಾಹೇಬರ ಕಾಗದ ಬಂತು. ಬರುವ ಮೇ ತಿಂಗಳಿಗೆ ಮನೆ ಬೇಕಂತೆ, ಮುಂಗಡ ಕಳಿಸಲಾ ಎಂದು ಕೇಳಿದ್ದಾರೆ. ಅವರಿಗೆ ಬರೆದ ಉತ್ತರವನ್ನೇ ನಿಮಗೂ ಬರೆಯುತ್ತೇನೆ. ಈ ಮನೆ ಇನ್ನು ಬಾಡಿಗೆಗೆ ಇಲ್ಲ, ಇಲ್ಲಿ ಜನ ವಾಸವಿದ್ದಾರೆ. ಅವರಿಗೆ ಬರೆದದ್ದು ಅಷ್ಟೇ. ನಿಮಗೆ ಇನ್ನೂ ಒಂದು ಸಾಲು ಉಂಟು: ಮೇ ತಿಂಗಳಲ್ಲಿ ನಾನೇ ಬೊಂಬಾಯಿಗೆ ಬಂದು ನಿಮ್ಮನ್ನು ಕೈ ಹಿಡಿದು ಕರೆದುಕೊಂಡು ಬರುತ್ತೇನೆ, ನೀವು ಟ್ರಂಕಿನಿಂದ ಹಣ ತೆಗೆದರೆ ನಾನು ಕೆರೆಗೆ ಬಿಸಾಡುತ್ತೇನೆ.

ನಿಮ್ಮ ಮಗ,
ಬೋಜ